ಹಳೇ ಗಾಡಿಯ ಸ್ವಿಚ್: ಗುಜರಿಯಿಂದ ಡ್ಯಾಶ್‌ಬೋರ್ಡಿನ ತನಕ

ಶಿರಸಿ ಕಡೆಯ ತೋಟದ ಮನೆಯಿಂದ ನಮ್ಮ ಹಳೇ ಪದ್ಮಿನಿ ಕಾರು ಘಟ್ಟ ಇಳಿದು ಕಾರವಾರಕ್ಕೆ ಬಂದಾಗ ಅದರ ವೈಪರ್ ಸ್ವಿಚ್ ಡ್ಯಾಶ್‌ಬೋರ್ಡಿನಲ್ಲಿ ಇರಲಿಲ್ಲ. ಸ್ಟೇರಿಂಗ್ ಕೆಳಗೆ, ಮೊಣಕಾಲಿಗೆ ತಾಗುವ ಜಾಗದಲ್ಲಿ, ಒಂದು ಪ್ಲೈವುಡ್ ತುಂಡು. ಅದರ ಮೇಲೆ ಬಚ್ಚಲುಮನೆ ಲೈಟಿಗೆ ಹಾಕುತ್ತಾರಲ್ಲ, ಅಂಥ ಬಿಳಿ ಸ್ವಿಚ್ ಎರಡು. ಒಂದು ವೈಪರಿಗೆ, ಇನ್ನೊಂದು ಹೆಡ್‌ಲೈಟಿಗೆ. ಮೂಲ ಸ್ವಿಚ್ ಇದ್ದ ಕಡೆ ಎರಡು ತೂತು ಬಾಯಿ ತೆರೆದುಕೊಂಡಿದ್ದವು. ಒಂದಕ್ಕೆ ಅಪ್ಪಯ್ಯ ಬಾಟಲಿಯ ಬಿರಡೆ ತುರುಕಿದ್ದರು.

ಆ ವೈಪರಿಗೆ ಒಂದು ಚಾಳಿ ಇತ್ತು. ಸ್ವಿಚ್ ಆರಿಸಿದ ಕ್ಷಣಕ್ಕೆ ಎಲ್ಲಿದೆಯೋ ಅಲ್ಲೇ ನಿಂತುಬಿಡುತ್ತಿತ್ತು. ಸರಿಯಾಗಿ ಕಣ್ಣೆದುರಿಗೆ, ಗಾಜಿನ ನಟ್ಟನಡುವೆ. ಅಪ್ಪಯ್ಯ ಇದಕ್ಕೆ ತಾಳ ಕಲಿತಿದ್ದರು. ಕಡ್ಡಿ ಎಡಕ್ಕೆ ಹೋಗಿ, ಬಲಕ್ಕೆ ಬಂದು, ಕೆಳಗೆ ಮಲಗುವ ಹೊತ್ತಿಗೆ ಕರೆಕ್ಟಾಗಿ ಟಕ್ ಅಂತ ಆರಿಸೋದು. ದೇವಿಮನೆ ಘಟ್ಟದ ತಿರುವಿನಲ್ಲೂ ಅವರಿಗೆ ಇದು ತಪ್ಪುತ್ತಿರಲಿಲ್ಲ. ನನಗೆ ಮಾತ್ರ ಹತ್ತಕ್ಕೆ ಒಂದು ಸಲ ಸಿಕ್ಕರೆ ಹೆಚ್ಚು.

ಆ ಎರಡು ತೂತಿಗೆ ಮತ್ತೆ ಕಂಪನಿ ಸ್ವಿಚ್ ಕೂರಿಸುವಷ್ಟರಲ್ಲಿ ಒಂದು ಮಳೆಗಾಲ ಪೂರ್ತಿ ಹೋಯಿತು. ಹಾಗೆ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ನಿಮ್ಮದು ಪದ್ಮಿನಿಯೇ ಆಗಬೇಕಿಲ್ಲ. ಅಂಬಾಸಿಡರ್, ಹಳೇ ಜೀಪು, ಮೊದಮೊದಲ ಮಾರುತಿ 800, ಯಾವುದಾದರೂ ಆಗುತ್ತದೆ. ಸ್ವಿಚ್ಚಿನ ಆಕಾರ ಬೇರೆ, ಒಳಗಿನ ಸಂಸಾರ ಹೆಚ್ಚುಕಡಿಮೆ ಒಂದೇ.

ಅಂಗಡಿಯಲ್ಲಿ ಹೊಸ ಸ್ವಿಚ್ ಸಿಗುತ್ತಲ್ಲ, ಯಾಕಿಷ್ಟು ಒದ್ದಾಟ ಅಂತ ಕೇಳಬಹುದು. ಸಿಗುತ್ತದೆ. ಆದರೆ ಎಲ್ಲ ಗಾಡಿಗೂ ಆಗುತ್ತೆ ಅಂತ ಮಾರುವ ಸ್ವಿಚ್ ನಿಮ್ಮ ಗಾಡಿಯ ತೂತಿಗೆ ಕೂರುವುದಿಲ್ಲ. ಆಗ ಡ್ಯಾಶ್‌ಬೋರ್ಡನ್ನೇ ಕೊರೆಯುತ್ತಾರೆ. ಸ್ವಿಚ್ ಇವತ್ತಲ್ಲ ನಾಳೆ ಸಿಕ್ಕೀತು, ಕೊರೆದ ತಗಡು ಮತ್ತೆ ಕೂಡುವುದಿಲ್ಲ. ಎರಡನೆಯದು ಪಿನ್ ಲೆಕ್ಕ. ನಮ್ಮ ವೈಪರ್ ನಡುವೆ ನಿಲ್ಲುತ್ತಿದ್ದದ್ದು ಇದೇ ಕಾರಣಕ್ಕೆ. ನಮ್ಮದರಂಥ, ತಾನಾಗಿ ಕೆಳಗೆ ಬಂದು ನಿಲ್ಲುವ ವೈಪರಿಗೆ ಸ್ವಿಚ್ಚಿನಲ್ಲಿ ಮೂರು ಪಿನ್ ಬೇಕು. ಒಂದಕ್ಕೆ ಕರೆಂಟ್ ಬರುತ್ತದೆ, ಒಂದು ಮೋಟರಿಗೆ ಹೋಗುತ್ತದೆ, ಮೂರನೆಯದು ಪಾರ್ಕಿಂಗ್ ವೈರಿನದ್ದು. ನೀವು ಸ್ವಿಚ್ ಆರಿಸಿದ ಮೇಲೂ ಈ ಮೂರನೇ ದಾರಿಯಲ್ಲಿ ಮೋಟರಿಗೆ ಕರೆಂಟ್ ಹೋಗುತ್ತಲೇ ಇರುತ್ತದೆ. ಕಡ್ಡಿ ಕೆಳಗೆ ಮುಟ್ಟಿದಾಗ ಮೋಟರಿನೊಳಗಿನ ಸಣ್ಣ ಸ್ವಿಚ್ ಅದನ್ನು ಕಡಿಯುತ್ತದೆ. ಮನೆ ಸ್ವಿಚ್ಚಿಗೆ ಇರುವುದೇ ಎರಡು ಪಿನ್. ಪಾರ್ಕಿಂಗ್ ವೈರನ್ನು ಯಾರೋ ಟೇಪ್ ಸುತ್ತಿ ಒಳಗೆ ತಳ್ಳಿದ್ದರು, ಅಷ್ಟೇ.

ಹೆಡ್‌ಲೈಟಿನ ಕಥೆ ಇನ್ನೂ ಕೆಟ್ಟದ್ದು. 55 ವ್ಯಾಟಿನ ಎರಡು ಬಲ್ಬು ಅಂದರೆ 110 ವ್ಯಾಟ್. 12 ವೋಲ್ಟಿನಿಂದ ಭಾಗಿಸಿದರೆ 9 ಆಂಪಿಯರ್ ದಾಟುತ್ತದೆ. ಬಚ್ಚಲುಮನೆಯ ಸ್ವಿಚ್ 6 ಆಂಪಿಯರಿನದ್ದು. ಮುಟ್ಟಿದರೆ ಬಿಸಿ ಆಗಿರುತ್ತಿತ್ತು. ಮನೆಗೆ ಬೆಂಕಿ ಹಚ್ಚಲು ಇಷ್ಟು ಸಾಕು, ಗಾಡಿಗೆ ಸಾಲದೇ?

ಹುಡುಕಲು ಹೊರಡುವ ಮೊದಲು

ಗುಜರಿಗೆ ಬರಿಗೈಯಲ್ಲಿ ಹೋಗಬೇಡಿ. "ಪದ್ಮಿನಿ ಸ್ವಿಚ್ ಉಂಟಾ?" ಅಂತ ಕೇಳಿದರೆ ಎಲ್ಲರೂ ಉಂಟು ಅನ್ನುತ್ತಾರೆ. ಒಂದೇ ಹೆಸರಿನ ಗಾಡಿಯಲ್ಲೂ ವರ್ಷ ಕಳೆದ ಹಾಗೆ ಸ್ವಿಚ್ ಬದಲಾಗಿರುತ್ತದೆ. ಫಿಯೆಟ್ 1100 ಡಿಲೈಟ್ ಅಂತ 1964ರಲ್ಲಿ ಶುರುವಾದ ಗಾಡಿಯೇ ಆಮೇಲೆ ಪದ್ಮಿನಿ ಆಗಿ 2000ದ ಹೊತ್ತಿನ ತನಕ ಬಂತು. ಅಷ್ಟು ವರ್ಷದಲ್ಲಿ ಡ್ಯಾಶ್‌ಬೋರ್ಡ್ ಹಾಗೇ ಇದ್ದೀತಾ?

ಹಾಗಾಗಿ ಮೊದಲು ತೂತಿನ ಅಳತೆ. ವರ್ನಿಯರ್ ಇಲ್ಲದಿದ್ದರೆ ರಟ್ಟು ಇಟ್ಟು ಹಿಂದಿನಿಂದ ಪೆನ್ಸಿಲಿನಲ್ಲಿ ಗೀಚಿ, ಕತ್ತರಿಸಿ ಜೇಬಿಗೆ ಹಾಕಿಕೊಳ್ಳಿ. ಆಮೇಲೆ ಆ ಸ್ವಿಚ್ಚಿಗೆ ಬರುವ ವೈರ್ ಎಷ್ಟು ಅಂತ ಎಣಿಸಿ, ಬಣ್ಣ ಬರೆದಿಡಿ. ಡ್ಯಾಶ್‌ಬೋರ್ಡಿನ ಹಿಂದೆ ಸ್ವಿಚ್ಚಿಗೆ ಎಷ್ಟು ಆಳ ಜಾಗ ಇದೆ ಅಂತಲೂ ನೋಡಿ. ಹಳೇ ಸ್ವಿಚ್ ಕೆಟ್ಟು ಕೂತಿದ್ದರೂ ಪರವಾಗಿಲ್ಲ, ಅದನ್ನೇ ಜೊತೆಗೆ ಒಯ್ಯಿರಿ. ಅದಕ್ಕಿಂತ ಒಳ್ಳೆಯ ಅಳತೆ ಇಲ್ಲ.

ಚೀಲದಲ್ಲಿ ಇರಬೇಕಾದ್ದು: ಎರಡು ಬಗೆಯ ಸ್ಕ್ರೂ ಡ್ರೈವರ್, ಸಣ್ಣ ಇಕ್ಕಳ, ವೈರ್ ಕತ್ತರಿಸುವ ಕಟರ್, ಎರಡು ತುದಿಯ ನಡುವೆ ಕರೆಂಟಿಗೆ ದಾರಿ ಇದ್ದರೆ ಬೀಪ್ ಅನ್ನುವ ಮಲ್ಟಿಮೀಟರ್, ಟಾರ್ಚ್, ಹಳೇ ಹಲ್ಲುಜ್ಜುವ ಬ್ರಷ್, ತುಕ್ಕು ಸಡಿಲಿಸುವ ಸ್ಪ್ರೇ. ದಪ್ಪ ಕೈಗವಸು ಮರೆಯಬೇಡಿ. ಹಳೇ ಡ್ಯಾಶ್‌ಬೋರ್ಡಿನ ಹಿಂದೆ ಕಣಜದ ಮಣ್ಣುಗೂಡು ಇರುವುದು ಮಾಮೂಲು. ನನಗೆ ಒಂದು ಸಲ ಚೇಳಿನ ಸಂಸಾರವೇ ಸಿಕ್ಕಿತು.

ಎಲ್ಲಿಯ ಗಾಡಿ?

ಇದನ್ನು ಯಾರೂ ನನಗೆ ಹೇಳಿರಲಿಲ್ಲ. ನಮ್ಮ ಕರಾವಳಿಯಲ್ಲಿ ನಿಂತು ಸತ್ತ ಗಾಡಿ ನೋಡಲು ಚೆಂದ. ಮರದ ನೆರಳಿನಲ್ಲಿ ಇದ್ದದ್ದರಿಂದ ನಾಬ್ ಹೊಳೆಯುತ್ತಿರುತ್ತದೆ, ಬಿಳಿ ಗುರುತು ಅಳಿಸಿರುವುದಿಲ್ಲ. ಆದರೆ ಒಳಗಿನ ಹಿತ್ತಾಳೆಗೆ ಕಿಲುಬು ಹಿಡಿದು ಹಸಿರು ಪುಡಿ ಆಗಿರುತ್ತದೆ. ಉಪ್ಪು ಗಾಳಿ, ನಾಲ್ಕು ತಿಂಗಳ ಮಳೆ. ಇನ್ನೇನಾದೀತು? ಹುಬ್ಬಳ್ಳಿ ಕಡೆಯ ಗಾಡಿ ತದ್ವಿರುದ್ಧ. ಬಿಸಿಲಿಗೆ ನಾಬ್ ಬೆಳ್ಳಗಾಗಿ ಸೀಳಿರುತ್ತದೆ, ಹೊಟ್ಟೆ ಮಾತ್ರ ಚೊಕ್ಕ.

ಅದಕ್ಕೇ ನಾನು ಎರಡನ್ನೂ ತಂದೆ. ಹುಬ್ಬಳ್ಳಿಯ ಸ್ವಿಚ್ಚಿಗೆ ಕಾರವಾರದ ನಾಬ್. ಈಗ ನಮ್ಮ ಗಾಡಿಯಲ್ಲಿ ಇರುವುದು ಆ ಜೋಡಿಯೇ.

ಕಾರವಾರದಲ್ಲಿ ನಾನು ಹೋದ ಗುಜರಿಯವರು ಮೊದಲ ದಿನ ತಲೆ ಅಲ್ಲಾಡಿಸಿದರು. "ಫಿಯೆಟ್ ಎಲ್ಲ ಕಟ್ ಆಗಿ ಹೋಯ್ತು ಮಾರಾಯ್ರೆ. ಗಾಡಿ ಇಲ್ಲ. ಡ್ಯಾಶ್‌ಬೋರ್ಡ್ ಒಂದು ಉಂಟು, ಕೋಳಿ ಕೂತದೆ ಅದ್ರ ಮೇಲೆ." ಹೋಗಿ ನೋಡಿದರೆ ನಿಜಕ್ಕೂ ಒಂದು ಕೋಳಿ ಕೂತಿತ್ತು. ಕಾಳಿ ಸೇತುವೆ ದಾಟಿ ಗೋವಾದಿಂದ ಬಂದ ಗಾಡಿಯದ್ದಂತೆ. ಕೋಳಿಯನ್ನು ಎಬ್ಬಿಸಿ ನೋಡಿದೆ. ಒಂದು ಸ್ವಿಚ್ ಮುರಿದಿತ್ತು, ಇನ್ನೊಂದು ಪೂರ್ತಿ ಇತ್ತು.

ಮುಂಬೈಗೆ ಹೋಗುವವರು ಇದ್ದರೆ ಚೋರ್ ಬಜಾರ್ ಸುತ್ತ ಹಳೇ ಫಿಯೆಟ್ ಸಾಮಾನು ವಿಚಾರಿಸಲು ಹೇಳಿ. ಪದ್ಮಿನಿ ಟ್ಯಾಕ್ಸಿಗಳ ಊರು ಅದು. 2023ರ ಅಕ್ಟೋಬರ್ 30ರಿಂದ ಅಲ್ಲಿಯ ರಸ್ತೆಯಲ್ಲಿ ಪದ್ಮಿನಿ ಟ್ಯಾಕ್ಸಿ ಇಲ್ಲ. ಆದರೆ ಟ್ಯಾಕ್ಸಿಯಿಂದ ತೆಗೆದ ಸ್ವಿಚ್ ಕೊಳ್ಳುವಾಗ ಹುಷಾರು. ದಿನಕ್ಕೆ ನೂರು ಸಲ ಒತ್ತಿಸಿಕೊಂಡ ಜೀವ ಅದು. ಹೊರಗೆ ಪಾಲಿಶ್ ಮಾಡಿಟ್ಟಿರುತ್ತಾರೆ, ಒಳಗೆ ಸವೆದು ತಗಡಾಗಿರುತ್ತದೆ.

ಪೊಲೀಸ್ ಠಾಣೆಯ ಹಿಂದೆಯೋ ರಸ್ತೆ ಬದಿಯಲ್ಲೋ ಬಳ್ಳಿ ಹಬ್ಬಿ ನಿಂತ ಗಾಡಿ ಕಂಡರೆ ಕೈ ತುರಿಸುತ್ತದೆ, ನನಗೂ ತುರಿಸಿದೆ. ಅದು ಯಾರದ್ದೋ ಸೊತ್ತು, ಕೇಸಿನ ಮಾಲೂ ಆಗಿರಬಹುದು. ಮುಟ್ಟಬೇಡಿ. ಗುಜರಿಯಲ್ಲಿ ಕೊಂಡಾಗಲೂ ಚೀಟಿ ಬರೆಸಿಕೊಳ್ಳಿ.

ಕೊಳ್ಳುವಾಗ ಮೂರು ಪರೀಕ್ಷೆ. ಸ್ವಿಚ್ಚನ್ನು ಕಿವಿ ಹತ್ತಿರ ಹಿಡಿದು ಒತ್ತಿ. ಒಳ್ಳೆಯದು ಟಕ್ ಅಂತ ಒಂದೇ ಸದ್ದು ಮಾಡುತ್ತದೆ. ಮೆತ್ತಗೆ ಜಾರಿದರೆ ಸ್ಪ್ರಿಂಗ್ ಹೋಗಿದೆ. ಎರಡನೆಯದಾಗಿ ಹಿಂದಿನ ಪಿನ್ನುಗಳನ್ನು ಬೆರಳಲ್ಲಿ ಮೆಲ್ಲಗೆ ಅಲ್ಲಾಡಿಸಿ. ಪಿನ್ ಕೂತ ಜಾಗದ ಬ್ಯಾಕಲೈಟ್, ಅಂದರೆ ಗಟ್ಟಿ ಕಪ್ಪು ಪ್ಲಾಸ್ಟಿಕ್, ಸುಟ್ಟು ಕಂದಾಗಿದ್ದರೆ, ಪಿನ್ ಲೊಟಲೊಟ ಅಂದರೆ, ವಾಪಸ್ ಇಡಿ. ಕಿಲುಬು ತೊಳೆಯಬಹುದು, ಸುಟ್ಟದ್ದನ್ನು ತೊಳೆಯಲು ಬರುವುದಿಲ್ಲ. ಮೂರನೆಯದು ಮಲ್ಟಿಮೀಟರ್. ಆದರೆ ಗುಜರಿಯಲ್ಲಿ ಬೀಪ್ ಬರಲಿಲ್ಲ ಅಂತ ಬೇಸರ ಬೇಡ. ಕಿಲುಬು ಇದ್ದರೆ ಬರುವುದಿಲ್ಲ. ಟಕ್ ಸದ್ದು ಇದೆ, ಸುಟ್ಟಿಲ್ಲ ಅಂದರೆ ತೆಗೆದುಕೊಳ್ಳಿ.

ಸ್ವಿಚ್ ಒಂದನ್ನೇ ಕಿತ್ತು ತರಬೇಡಿ. ಹಿಂದಿನ ವೈರನ್ನು ಒಂದು ಗೇಣು ಉದ್ದ ಬಿಟ್ಟು ಕತ್ತರಿಸಿ. ಸಾಕೆಟ್ ಇದ್ದರೆ ಅದೂ ಬೇಕು. ಮುಂದಿನ ರಿಂಗ್, ವಾಷರ್, ನಟ್ ಎಲ್ಲ ಒಂದೇ ಪೊಟ್ಟಣದಲ್ಲಿ. ಆ ರಿಂಗಿನ ಮರೆ, ಅಂದರೆ ಥ್ರೆಡ್, ಸೂಕ್ಷ್ಮವಾಗಿರುತ್ತದೆ, ಅಂಗಡಿಯ ನಟ್ ಆಗಿ ಬರುವುದು ಕಷ್ಟ. ಆಗುವುದಾದರೆ ಎರಡು ಸೆಟ್ ಕೊಳ್ಳಿ. ಒಂದನ್ನು ಬಿಚ್ಚಿ ಕಲಿಯಲು, ಒಂದನ್ನು ಕೂರಿಸಲು.

ಬಿಚ್ಚುವ ಬಗೆ

ಸಣ್ಣ ಕಡ್ಡಿಯನ್ನು ಮೇಲೆ ಕೆಳಗೆ ಮಾಡುವ ಸ್ವಿಚ್ಚಿನ ಮುಂದೆ ಒಂದು ದುಂಡು ಬಳೆ ನಟ್ ಇರುತ್ತದೆ, ಎರಡು ಸಣ್ಣ ಕಚ್ಚು ಇರುವಂಥದ್ದು. ಇಕ್ಕಳದಲ್ಲಿ ಹಿಡಿದರೆ ಕ್ರೋಮ್ ಸುಲಿಯುತ್ತದೆ. ನಾನು ಹಳೇ ಕತ್ತರಿಯ ಎರಡು ಮೊನೆಯನ್ನು ಉಜ್ಜಿ, ಕಚ್ಚಿಗೆ ಸರಿ ಕೂರುವ ಹಾಗೆ ಮಾಡಿಕೊಂಡೆ. ಹಿಂದಿನ ದಿನ ರಾತ್ರಿಯೇ ಸ್ಪ್ರೇ ಹೊಡೆದಿಡಿ. ಹಿಂದೆ ಸ್ವಿಚ್ಚಿನ ಮೈಯನ್ನು ಇನ್ನೊಂದು ಕೈಯಲ್ಲಿ ಗಟ್ಟಿ ಹಿಡಿದು ತಿರುಗಿಸಿ, ಇಲ್ಲದಿದ್ದರೆ ಇಡೀ ಸ್ವಿಚ್ ಸುತ್ತಿ ವೈರ್ ಹುರಿ ಆಗುತ್ತದೆ.

ಎಳೆಯುವ ಸ್ವಿಚ್ ಆದರೆ ನಾಬಿನ ಅಡಿಯಲ್ಲಿ ಸೂಜಿಯಷ್ಟು ತೂತು ಇದೆಯಾ ನೋಡಿ. ಒಳಗೆ ಸ್ಪ್ರಿಂಗ್ ಇರುವ ಸಣ್ಣ ಪಿನ್ ಇರುತ್ತದೆ. ಸಣ್ಣ ಮೊಳೆಯಿಂದ ಅದನ್ನು ಒತ್ತಿಕೊಂಡೇ ನಾಬ್ ಎಳೆದರೆ ಬರುತ್ತದೆ. ಇದು ಗೊತ್ತಿಲ್ಲದೆ ಇಕ್ಕಳ ಹಾಕಿ ಎಳೆದು ಮುರಿದ ನಾಬುಗಳು ಪ್ರತಿ ಗುಜರಿಯಲ್ಲೂ ಬಿದ್ದಿವೆ. ಒತ್ತುವ ಪ್ಲಾಸ್ಟಿಕ್ ಸ್ವಿಚ್ಚಿಗೆ ಪಕ್ಕದಲ್ಲಿ ಎರಡು ರೆಕ್ಕೆ ಇರುತ್ತವೆ, ಹಿಂದಿನಿಂದ ಅವನ್ನು ಒತ್ತಿ ಮುಂದೆ ತಳ್ಳಬೇಕು. ಹಳೇ ಪ್ಲಾಸ್ಟಿಕ್ ಹಪ್ಪಳ ಇದ್ದ ಹಾಗೆ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಐದು ನಿಮಿಷ ಇಟ್ಟರೆ ಸ್ವಲ್ಪ ಮೆತ್ತಗಾಗುತ್ತದೆ.

ಹೊಟ್ಟೆ ತೆರೆದರೆ

ಇಲ್ಲಿ ಆತುರ ಬೇಡ. ಸ್ವಿಚ್ಚಿನ ಮುಚ್ಚಳವನ್ನು ಹಿಡಿದಿರುವುದು ಮಡಚಿದ ನಾಲ್ಕು ತಗಡಿನ ಕಿವಿಗಳು. ಒಂದು ಸಲ ಬಿಡಿಸಿ ಮಡಚಬಹುದು, ಎರಡನೇ ಸಲವೂ ಆದೀತು, ಮೂರಕ್ಕೆ ಮುರಿಯುತ್ತದೆ. ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿಕೊಂಡು ತೆರೆಯಿರಿ. ನಗುವ ಮಾತಲ್ಲ. ನಾನು ಮೊದಲ ಸ್ವಿಚ್ಚನ್ನು ಜಗಲಿಯಲ್ಲಿ ಕೂತು ತೆರೆದೆ. ಟಿಕ್ ಅಂತ ಒಂದು ಸದ್ದು. ಸಾಸಿವೆಗಿಂತ ಸ್ವಲ್ಪ ದೊಡ್ಡ ಉಕ್ಕಿನ ಗುಂಡು ಹಾರಿ ಅಂಗಳಕ್ಕೆ ಹೋಯಿತು. ಹೆಂಡತಿ, ಮಗಳು, ನಾನು, ಮೂವರೂ ಮೊಣಕಾಲೂರಿ ಹುಡುಕಿದೆವು. ಸಿಗಲಿಲ್ಲ. ಟಕ್ ಸದ್ದು ಬರುವುದೇ ಆ ಗುಂಡಿನಿಂದ. ಎರಡು ಸೆಟ್ ಕೊಳ್ಳಿ ಅಂದದ್ದು ಇದಕ್ಕೇ.

ತೆರೆದ ಕೂಡಲೇ ಫೋಟೋ. ಪ್ರತಿ ತುಂಡು ತೆಗೆದಾಗಲೂ ಇನ್ನೊಂದು ಫೋಟೋ. ಸ್ಟೀಲ್ ತಟ್ಟೆಯಲ್ಲಿ ತೆಗೆದ ಕ್ರಮದಲ್ಲೇ ಸಾಲಾಗಿ ಇಡಿ.

ಒಳಗೆ ಕಾಣುವುದು ಮುಖ್ಯವಾಗಿ ಮೂರು. ಮೇಣದಂತೆ ಗಟ್ಟಿಯಾದ ಹಳೇ ಗ್ರೀಸ್. ಹಸಿರು ಕಿಲುಬು. ಮತ್ತೆ ಕಾಂಟ್ಯಾಕ್ಟ್, ಅಂದರೆ ಒಂದಕ್ಕೊಂದು ತಾಗಿ ಕರೆಂಟ್ ದಾಟಿಸುವ ತುಂಡುಗಳ ಮೇಲೆ ಕಪ್ಪು ಚುಕ್ಕಿ, ಕಿಡಿ ಹಾರಿ ಹಾರಿ ಆದದ್ದು. ಗ್ರೀಸನ್ನು ಸೀಮೆಎಣ್ಣೆಯಲ್ಲಿ ಬ್ರಷ್ ಅದ್ದಿ ತೆಗೆಯಿರಿ. ಥಿನ್ನರ್ ಬೇಡ, ಪ್ಲಾಸ್ಟಿಕ್ ಇದ್ದರೆ ಕರಗಿಹೋಗುತ್ತದೆ.

ಕಿಲುಬಿಗೆ ನಮ್ಮ ಅಡುಗೆಮನೆಯಲ್ಲೇ ಮದ್ದು ಇದೆ. ದೇವರ ದೀಪ ಬೆಳಗಲು ಹುಣಸೆಹಣ್ಣು ಹಾಕುತ್ತೇವಲ್ಲ, ಅದೇ. ನಮ್ಮಲ್ಲಿ ಮುರುಗಲು ಸಿಪ್ಪೆ ಇತ್ತು, ಅದನ್ನು ನೆನೆಹಾಕಿದ ಹುಳಿ ನೀರು ಬಳಸಿದೆ. ಹಿತ್ತಾಳೆ ತುಂಡುಗಳನ್ನು ಮಾತ್ರ ಅದರಲ್ಲಿ ಹತ್ತು ನಿಮಿಷ ಇಟ್ಟು ಬ್ರಷ್ ಮಾಡಿ. ಸ್ಪ್ರಿಂಗ್, ಗುಂಡು, ಕಬ್ಬಿಣದ್ದು ಏನೂ ಹಾಕಬೇಡಿ. ಹುಳಿ ಕಿಲುಬು ತಿನ್ನುತ್ತದೆ, ಆದರೆ ಹುಳಿಯನ್ನೇ ಒಳಗೆ ಬಿಟ್ಟರೆ ಮತ್ತೆ ಕಿಲುಬು ಕಟ್ಟುತ್ತದೆ. ಹಾಗಾಗಿ ಒಂದು ಚಮಚ ಅಡುಗೆ ಸೋಡಾ ಕದಡಿದ ನೀರಿನಲ್ಲಿ ಅದ್ದಿ ತೆಗೆದು, ಆಮೇಲೆ ಬರೀ ನೀರಿನಲ್ಲಿ ಎರಡು ಸಲ ತೊಳೆಯಿರಿ. ಪೂರ್ತಿ ಒಣಗಲಿ. ಜುಲೈ ತಿಂಗಳಾದರೆ ಒಣಗಲು ಹೇಳಿದ ಮಾತ್ರಕ್ಕೆ ಒಣಗುತ್ತದಾ? ನಾನು ಟೇಬಲ್ ಲ್ಯಾಂಪಿನ ಬಲ್ಬಿನ ಕೆಳಗೆ ರಾತ್ರಿಯಿಡೀ ಇಟ್ಟೆ.

ಕಾಂಟ್ಯಾಕ್ಟಿನ ತುದಿಯಲ್ಲಿ ಬಿಳಿ ಬೆಳ್ಳಿ ಬೊಟ್ಟು ಕಂಡರೆ ಅದಕ್ಕೆ ಎಮರಿ ಪೇಪರ್ ಹಾಕಬೇಡಿ. ಬೆಳ್ಳಿಯ ಪದರ ತೆಳು. ಪೆನ್ಸಿಲ್ ರಬ್ಬರಿನಲ್ಲಿ ಉಜ್ಜಿದರೆ ಸಾಕು. ಬರೀ ಹಿತ್ತಾಳೆಯಾದರೆ 1000 ನಂಬರಿನ ವಾಟರ್ ಪೇಪರಿನಲ್ಲಿ ಎರಡೇ ಎರಡು ಸಲ ಎಳೆಯಿರಿ. ಅರ ಹಾಕಿ ತೀಡುವ ಮೆಕ್ಯಾನಿಕ್ಕುಗಳಿದ್ದಾರೆ. ಗೀರು ಬಿದ್ದ ಕಡೆ ಕಿಡಿ ಜಾಸ್ತಿ, ಆರು ತಿಂಗಳಿಗೆ ಮತ್ತೆ ಅದೇ ಗೋಳು.

ಜೋಡಿಸುವಾಗ ಗುಂಡು ಓಡಾಡುವ ಜಾಗಕ್ಕೆ ಬಿಳಿ ಗ್ರೀಸ್, ಬೆಂಕಿಕಡ್ಡಿಯ ತುದಿಯಷ್ಟು. ಜಾಸ್ತಿ ಹಾಕಿದರೆ ಧೂಳು ಅಂಟಿ ಮತ್ತೆ ಮೇಣ. ನನ್ನ ಪರಿಚಯದ ಒಬ್ಬರು ಕೊಬ್ಬರಿ ಎಣ್ಣೆ ಹಾಕಿದ್ದರು, ಮನೆಯದ್ದು, ಚೊಕ್ಕ ಎಣ್ಣೆ ಅಂತ. ಸಂಕ್ರಾಂತಿ ಹೊತ್ತಿಗೆ ಶಿರಸಿಯ ಚಳಿಗೆ ಎಣ್ಣೆ ಹೆಪ್ಪುಗಟ್ಟಿತು, ಸ್ವಿಚ್ ಕೂಡ ಹೆಪ್ಪುಗಟ್ಟಿತು.

ನಾಬಿನ ಮೇಲಿನ ಗುರುತು ಮಾಸಿದ್ದರೆ ಬಿಳಿ ಎನಾಮಲ್ ಬಣ್ಣವನ್ನು ಗೀರಿನೊಳಗೆ ತುಂಬಿಸಿ, ಎರಡು ನಿಮಿಷ ಬಿಟ್ಟು, ರಟ್ಟಿನ ಅಂಚಿನಿಂದ ಮೇಲಿನದ್ದನ್ನು ಎಳೆದು ತೆಗೆಯಿರಿ. ಗೀರಿನೊಳಗೆ ಮಾತ್ರ ಉಳಿಯುತ್ತದೆ.

ಬೀಪ್ ನಕ್ಷೆ

ಗಾಡಿಗೆ ಹಾಕುವ ಮೊದಲು ಮೇಜಿನ ಮೇಲೆ ಪರೀಕ್ಷೆ ಆಗಲೇಬೇಕು. ಸ್ವಿಚ್ಚಿನ ಹಿಂಭಾಗದ ಚಿತ್ರ ಕಾಗದದಲ್ಲಿ ಬರೆದು ಪಿನ್ನಿಗೆ 1, 2, 3 ಅಂತ ಹೆಸರಿಡಿ. ಮಲ್ಟಿಮೀಟರನ್ನು ಬೀಪ್‌ನಲ್ಲಿಟ್ಟು, ಸ್ವಿಚ್ ಆಫ್ ಇದ್ದಾಗ ಯಾವ ಎರಡು ಪಿನ್ ನಡುವೆ ಸದ್ದು ಬರುತ್ತದೆ, ಆನ್ ಇದ್ದಾಗ ಯಾವುದು, ಎಲ್ಲ ಬರೆಯಿರಿ. ನನ್ನ ವೈಪರ್ ಸ್ವಿಚ್ಚಿನಲ್ಲಿ ಆನ್ ಮಾಡಿದರೆ 1 ಮತ್ತು 2, ಆಫ್ ಮಾಡಿದರೆ 2 ಮತ್ತು 3. ಅಂದರೆ 2 ಮೋಟರಿಗೆ, 1 ಕರೆಂಟ್ ಬರುವುದು, 3 ಪಾರ್ಕಿಂಗ್. ಆಫ್‌ನಲ್ಲೂ ಬೀಪ್ ಬಂತು ಅಂತ ಸ್ವಿಚ್ ಕೆಟ್ಟಿದೆ ಅಂದುಕೊಳ್ಳಬೇಡಿ. ಇಂಥ ವೈಪರ್ ಸ್ವಿಚ್ ಇರಬೇಕಾದ್ದೇ ಹಾಗೆ. ಕೆಲವು ಗಾಡಿಯಲ್ಲಿ ವೈಪರ್ ಸ್ವಿಚ್ ಕರೆಂಟಿನ ಬದಲು ಅರ್ಥ್, ಅಂದರೆ ಗಾಡಿಯ ತಗಡಿಗೆ ಕೂಡುವ ಕಡೆಯನ್ನು ಕಡಿಯುತ್ತದೆ. ಅದಕ್ಕೆ ಗಾಡಿಯ ವೈರಿನಲ್ಲಿ ಏನು ಬರುತ್ತಿದೆ ಅಂತ ಟೆಸ್ಟ್ ಲ್ಯಾಂಪಿನಲ್ಲಿ (ಎರಡು ವೈರ್ ಕೂಡಿಸಿದ ಸಣ್ಣ ಬಲ್ಬು) ನೋಡಿಕೊಂಡೇ ಮುಂದುವರಿಯಿರಿ.

ನನ್ನ ಪೆದ್ದುತನವನ್ನೂ ಹೇಳಿಬಿಡುತ್ತೇನೆ. ಹಳೇ ವೈರ್ ಬಿಚ್ಚುವಾಗ, ಮೂರೇ ಅಲ್ವಾ, ನೆನಪಿರುತ್ತೆ ಅಂದುಕೊಂಡೆ. ಚೀಟಿ ಅಂಟಿಸಲಿಲ್ಲ. ಬಿಸಿಲಿಗೆ ಎಲ್ಲ ವೈರೂ ಒಂದೇ ಬೂದು ಬಣ್ಣ. ಜೋಡಿಸಿ ಕೀ ತಿರುಗಿಸಿದೆ. ಸ್ವಿಚ್ ಆಫ್ ಇದೆ, ವೈಪರ್ ಓಡುತ್ತಿದೆ. ಆನ್ ಮಾಡಿದೆ, ಶಿಸ್ತಾಗಿ ಕೆಳಗೆ ಬಂದು ಮಲಗಿತು. ಮಗಳು ಹಿಂದಿನ ಸೀಟಿನಲ್ಲಿ ಬಿದ್ದು ಬಿದ್ದು ನಕ್ಕಳು. 1ರ ವೈರ್ 3ಕ್ಕೆ, 3ರದ್ದು 1ಕ್ಕೆ ಹೋಗಿತ್ತು. ನಕ್ಷೆ ನೋಡಿದ ಮೇಲೆ ಎರಡು ನಿಮಿಷದ ಕೆಲಸ.

ಹೆಡ್‌ಲೈಟಿನ ಭಾರ ರಿಲೇಗೆ

ಸ್ವಿಚ್ ಎಷ್ಟೇ ಚೊಕ್ಕ ಮಾಡಿ, ಹೆಡ್‌ಲೈಟಿನ 9 ಆಂಪಿಯರನ್ನು ಅದರ ಮೂಲಕ ಹರಿಸಬೇಡಿ. ವಯಸ್ಸಾದವರ ತಲೆಯ ಮೇಲೆ ಅಡಿಕೆ ಮೂಟೆ ಹೊರಿಸಿದ ಹಾಗೆ ಅದು.

ಲೆಕ್ಕ ನೋಡಿ. ಗುಜರಿಯಿಂದ ತಂದ ಲೈಟ್ ಸ್ವಿಚ್ಚನ್ನು ತೊಳೆಯುವ ಮೊದಲು ಕುತೂಹಲಕ್ಕೆ ಗಾಡಿಗೆ ಹಾಕಿ ಅಳೆದೆ. ಲೈಟ್ ಉರಿಯುವಾಗ ಮೀಟರಿನ ಒಂದು ಕಡ್ಡಿ ಸ್ವಿಚ್ಚಿಗೆ ಬರುವ ಪಿನ್ನಿಗೆ, ಇನ್ನೊಂದು ಹೋಗುವ ಪಿನ್ನಿಗೆ. 1.4 ವೋಲ್ಟ್ ತೋರಿಸಿತು. ಅಷ್ಟು ವೋಲ್ಟೇಜು ಸ್ವಿಚ್ಚಿನಲ್ಲೇ ಸೋರಿಹೋಗುತ್ತಿದೆ ಅಂತ ಅರ್ಥ. 9 ಆಂಪಿಯರ್ ಗುಣಿಸು 1.4 ಅಂದರೆ ಹತ್ತಿರ ಹತ್ತಿರ 13 ವ್ಯಾಟ್. ಹೆಬ್ಬೆರಳು ಗಾತ್ರದ ಸ್ವಿಚ್ಚಿನ ಹೊಟ್ಟೆಯಲ್ಲಿ ಸಣ್ಣ ಸೋಲ್ಡರಿಂಗ್ ಕಡ್ಡಿ ಉರಿಸಿಟ್ಟ ಹಾಗೆ. ಇನ್ನು ಬಲ್ಬಿಗೆ ವೋಲ್ಟೇಜು ನೂರಕ್ಕೆ ಹತ್ತು ಕಡಿಮೆಯಾದರೆ ಬೆಳಕು ಹತ್ತಲ್ಲ, ಸುಮಾರು ಮೂವತ್ತು ಪಾಲು ಕುಗ್ಗುತ್ತದೆ. ಹಳೇ ಗಾಡಿಯ ಲೈಟು ಹಣತೆ ಹಾಗೆ ಉರಿಯುತ್ತದೆ ಅಂತ ಬಲ್ಬಿಗೆ ಬೈಯುತ್ತೇವೆ. ತಪ್ಪು ಬಲ್ಬಿನದ್ದಲ್ಲ. ತೊಳೆದ ಮೇಲೆ ಅದೇ ಸ್ವಿಚ್ 0.2ಕ್ಕೆ ಇಳಿಯಿತು. 0.5 ದಾಟಿದರೆ ಮತ್ತೆ ಬಿಚ್ಚಿ.

ರಿಲೇ ಅಂದರೆ ಸ್ವಿಚ್ಚಿನ ಮಾತು ಕೇಳಿ ಭಾರ ಎತ್ತುವ ಆಳು. ನಾಲ್ಕು ಪಿನ್ನಿನ 12 ವೋಲ್ಟ್ ರಿಲೇ ಎಲ್ಲ ಆಟೋ ಇಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುತ್ತದೆ. ಪಿನ್ನಿನ ಮೇಲೆ 30, 85, 86, 87 ಅಂತ ಬರೆದಿರುತ್ತದೆ. ಬ್ಯಾಟರಿಯಿಂದ ಫ್ಯೂಸ್ ದಾಟಿ ಬರುವ ದಪ್ಪ ವೈರ್ 30ಕ್ಕೆ. 87ರಿಂದ ಬಲ್ಬಿಗೆ. ಡ್ಯಾಶ್‌ಬೋರ್ಡಿನ ಸ್ವಿಚ್ಚಿನಿಂದ ಬಲ್ಬಿಗೆ ಹೋಗುತ್ತಿದ್ದ ಹಳೇ ವೈರ್ ಈಗ 86ಕ್ಕೆ. 85 ಗಾಡಿಯ ಮೈ ತಗಡಿಗೆ, ಬಣ್ಣ ಕೆರೆದು. ಡಿಮ್ಮಿಗೆ ಒಂದು, ಬ್ರೈಟಿಗೆ ಒಂದು, ಎರಡು ರಿಲೇ ಬೇಕು. ದಪ್ಪ ವೈರ್ 2.5 ಚದರ ಮಿಲಿಮೀಟರಿನದ್ದಿರಲಿ. 15 ಅಥವಾ 20 ಆಂಪಿಯರ್ ಫ್ಯೂಸನ್ನು ಬ್ಯಾಟರಿಯಿಂದ ಒಂದು ಗೇಣಿನೊಳಗೆ ಹಾಕಿ. ಇನ್ನು ನಿಮ್ಮ ಹಳೇ ಸ್ವಿಚ್ಚಿನಲ್ಲಿ ಹರಿಯುವುದು ಕಾಲು ಆಂಪಿಯರಿಗಿಂತಲೂ ಕಡಿಮೆ. ಮುಟ್ಟಿ ನೋಡಿ, ತಣ್ಣಗಿರುತ್ತದೆ.

ರಿಲೇಯನ್ನು ಪಿನ್ ಕೆಳಮುಖವಾಗುವ ಹಾಗೆ ಕೂರಿಸಿ. ಮೇಲ್ಮುಖ ಇಟ್ಟರೆ ಅದು ಮಳೆನೀರಿನ ಬಟ್ಟಲು.

ಕೂರಿಸುವ ದಿನ

ಮಳೆ ಇಲ್ಲದ ದಿನ ಹಿಡಿಯಿರಿ. ಮೊದಲ ಕೆಲಸ ಬ್ಯಾಟರಿ. ಗಾಡಿಯ ಬಾಡಿಗೆ ಕೂಡಿದ ತುದಿಯನ್ನು ಮೊದಲು ಬಿಚ್ಚಿ, ಕೊನೆಗೆ ಅದನ್ನೇ ಹಾಕಿ. ಆಗ ಸ್ಪ್ಯಾನರ್ ಜಾರಿ ತಗಡಿಗೆ ತಾಗಿದರೂ ಕಿಡಿ ಹಾರುವುದಿಲ್ಲ. ಸಾಮಾನ್ಯವಾಗಿ ಅದು ಮೈನಸ್. ತೀರಾ ಹಳೇ ಇಂಗ್ಲಿಷ್ ತಳಿಯ ಗಾಡಿಗಳಲ್ಲಿ ಪ್ಲಸ್ ಬಾಡಿಗೆ ಕೂಡಿರುವುದೂ ಇದೆ, ನೋಡಿಕೊಂಡು ಕೈ ಹಾಕಿ.

ಆಮೇಲೆ ಒಂದು ಕೊಡ ನೀರು ತಂದು ಮುಂದಿನ ಗಾಜಿನ ರಬ್ಬರ್ ಬೀಡಿಂಗ್ ಮೇಲೆ ಸುರಿದು, ಒಳಗಿನಿಂದ ಡ್ಯಾಶ್‌ಬೋರ್ಡಿನ ಹಿಂದೆ ಟಾರ್ಚ್ ಬಿಡಿ. ಹನಿ ಕಂಡರೆ ಸ್ವಿಚ್ ಕೆಲಸ ಅಲ್ಲಿಗೇ ನಿಲ್ಲಿಸಿ, ಬೀಡಿಂಗ್ ಸರಿ ಮಾಡಿಸಿ. ನಮ್ಮ ಸೀಮೆಯ ಮಳೆಯಲ್ಲಿ ಸ್ವಿಚ್ ಕೊಲ್ಲುವುದು ಮುಪ್ಪಲ್ಲ, ಆ ಹನಿ.

ವೈರಿನ ತುದಿ ಬಗ್ಗಿಸಿದಾಗ ಪ್ಲಾಸ್ಟಿಕ್ ಬಿರುಕು ಬಿಟ್ಟರೆ ಹೊಸ ತಾಮ್ರ ಕಾಣುವ ತನಕ ಕತ್ತರಿಸಿ. ಗುಜರಿಯಿಂದ ತಂದ ಒಂದು ಗೇಣು ವೈರ್ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಹುರಿ ಹೊಸೆದು ಕಪ್ಪು ಟೇಪ್ ಸುತ್ತುವುದು ಬೇಡ. ಕರಾವಳಿಯ ಸೆಕೆಗೆ ಆ ಟೇಪು ಒಂದೇ ಬೇಸಿಗೆಯಲ್ಲಿ ಅಂಟು ಕರಗಿ ಕಳಚಿಕೊಳ್ಳುತ್ತದೆ. ವೈರಿನ ತುದಿಗೆ ಲಗ್ (ಪಿನ್ನಿಗೆ ಕೂರುವ ಲೋಹದ ತುಂಡು) ಹಾಕಿ ಒತ್ತಿ, ಮೇಲೆ ಬಿಸಿಗೆ ಕುಗ್ಗುವ ಸ್ಲೀವ್ ಹಾಕಿ. ಸ್ಲೀವನ್ನು ಮೊದಲೇ ವೈರಿಗೆ ತೂರಿಸಿಕೊಳ್ಳಬೇಕು. ಲಗ್ ಹಾಕಿದ ಮೇಲೆ ನೆನಪಾಗುವುದು ಎಲ್ಲರಿಗೂ ಆಗುವ ಅನುಭವ.

ಪಿನ್ನಿಗೆ ಕೂಡಿಸಿದ ಮೇಲೆ ಹೊರಗಿನಿಂದ ವ್ಯಾಸಲೀನ್ ತೆಳುವಾಗಿ ಸವರಿ, ಉಪ್ಪು ಗಾಳಿ ತಾಗದಿರಲಿ. ವೈರ್ ಸ್ವಿಚ್ಚಿಗಿಂತ ಸ್ವಲ್ಪ ಕೆಳಗೆ ಜೋತು, ಮತ್ತೆ ಮೇಲೆ ಹೋಗುವ ಹಾಗೆ ಬಿಡಿ. ಎಲ್ಲಿಂದಲೋ ನೀರು ವೈರ್ ಹಿಡಿದು ಬಂದರೂ ಆ ತಗ್ಗಿನಲ್ಲಿ ತೊಟ್ಟಿಕ್ಕುತ್ತದೆ, ಸ್ವಿಚ್ ಹತ್ತುವುದಿಲ್ಲ. ತಗಡಿನ ತೂತು ದಾಟುವ ಕಡೆ ರಬ್ಬರ್ ಬುಷ್ ತಪ್ಪಿಸಬೇಡಿ. ಬಳೆ ನಟ್ಟನ್ನು ಕೈಯಲ್ಲಿ ಪೂರ್ತಿ ತಿರುಗಿಸಿ, ಕತ್ತರಿ ಮೊನೆಯಲ್ಲಿ ಕಾಲು ಸುತ್ತು, ಅಷ್ಟೇ.

ಬ್ಯಾಟರಿ ಹಾಕುವ ಮೊದಲು ಫ್ಯೂಸ್ ಡಬ್ಬ ತೆರೆಯಿರಿ. ಎರಡೂ ತುದಿ ಮೊನಚಾದ ಹಳೇ ನಮೂನೆಯ ಫ್ಯೂಸಾದರೆ ಬಿಳಿಯದು 8 ಆಂಪಿಯರ್, ಕೆಂಪು 16. ನಮ್ಮ ಗಾಡಿಯಲ್ಲಿ ಒಂದು ಫ್ಯೂಸಿನ ಜಾಗದಲ್ಲಿ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತಿತ್ತು. ಅಂಥದ್ದು ಸಿಕ್ಕರೆ ತೆಗೆದು ಸರಿಯಾದದ್ದು ಹಾಕಿ.

ಒಂದೊಂದೇ ಸ್ವಿಚ್ ಹಾಕಿ ನೋಡಿ, ಎಲ್ಲ ಒಟ್ಟಿಗೆ ಬೇಡ. ವೈಪರ್ ನೋಡುವಾಗ ಗಾಜಿನ ಮೇಲೆ ನೀರಿರಲಿ. ಒಣ ಗಾಜಿನಲ್ಲಿ ಓಡಿಸಿದರೆ ಮೋಟರಿಗೆ ಭಾರ, ರಬ್ಬರೂ ಹರಿಯುತ್ತದೆ. ಲೈಟ್ ಹತ್ತು ನಿಮಿಷ ಉರಿಸಿ ಸ್ವಿಚ್, ರಿಲೇ, ಲಗ್ ಎಲ್ಲ ಮುಟ್ಟಿ ನೋಡಿ. ಎಲ್ಲಿ ಬಿಸಿಯೋ ಅಲ್ಲಿ ಕೂಡಿಕೆ ಸಡಿಲ. 15 ವರ್ಷ ದಾಟಿದ ಗಾಡಿಯ ಆರ್‌ಸಿ ನವೀಕರಣಕ್ಕೆ ಒಯ್ದಾಗ ಲೈಟು, ವೈಪರು, ಹಾರ್ನು ನೋಡಿಯೇ ನೋಡುತ್ತಾರೆ, ಆವತ್ತಿನ ಚಿಂತೆಯೂ ಇಲ್ಲಿಗೆ ಮುಗಿಯಿತು.

ಉಳಿದ ಬಿಡಿ ತುಂಡುಗಳನ್ನು, ಪಿನ್ ನಕ್ಷೆಯ ಕಾಗದ ಸಮೇತ, ಡಬ್ಬಿಯಲ್ಲಿ ಹಾಕಿ ಸೀಟಿನ ಕೆಳಗೆ ಇಟ್ಟಿದ್ದೇನೆ. ಬಾಟಲಿಯ ಬಿರಡೆಯೂ ಅದರಲ್ಲೇ ಇದೆ.

ಮೊದಲ ಮಳೆಗೆ ಅಪ್ಪಯ್ಯನನ್ನು ಕೂರಿಸಿಕೊಂಡು ಕುಮಟೆಯಿಂದ ದೇವಿಮನೆ ಘಟ್ಟ ಹತ್ತಿದೆ. ಅರ್ಧ ದಾರಿಯಲ್ಲಿ ಅವರೇ ಓಡಿಸುತ್ತೇನೆ ಅಂದರು. ಮಂಜು ಗುಡಿಸಿ ಗಾಜು ತಿಳಿಯಾಯಿತು. "ಅಪ್ಪಯ್ಯ, ಈಗ ಯಾವಾಗ ಬೇಕಾದ್ರೂ ಆರಿಸು, ಅದೇ ಕೆಳಗೆ ಬರ್ತು" ಅಂದೆ. ಹೂಂ ಅಂದರು. ಸ್ವಿಚ್ ಮೇಲೆ ಬೆರಳಿಟ್ಟುಕೊಂಡು, ಕಡ್ಡಿ ಎಡಕ್ಕೆ ಹೋಗಿ, ಬಲಕ್ಕೆ ಬಂದು, ಕೆಳಗೆ ಮಲಗುವ ತನಕ ಕಾದು, ಟಕ್ ಅಂತ ಆರಿಸಿದರು.